ಸತ್ಯಾಂಶ: ರೌಸ್ ಕಪ್ 1872ರಷ್ಟು ಹಳೆಯದಲ್ಲ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಫುಟ್‌ಬಾಲ್ ತಂಡಗಳು 1872ರಿಂದ ರೌಸ್ ಕಪ್‌ಗಾಗಿ ಸೆಣಸುತ್ತಿದ್ದವು, ಅದೇ ಜಗತ್ತಿನ ಅತ್ಯಂತ ಹಳೆಯ ಅಂತಾರಾಷ್ಟ್ರೀಯ ಟ್ರೋಫಿ ಎಂಬ ಸಂದೇಶವೊಂದು ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ಇಸವಿ ನಿಜ, ಟ್ರೋಫಿಯ ನಂಟು ಮಾತ್ರ ಸುಳ್ಳು.

1872ರ ನವೆಂಬರ್ 30ರಂದು ಗ್ಲಾಸ್ಗೋ ಬಳಿಯ ಪಾರ್ಟಿಕ್‌ನ ಕ್ರಿಕೆಟ್ ಮೈದಾನವೊಂದರಲ್ಲಿ ಈ ಎರಡು ತಂಡಗಳು ಆಡಿದ ಪಂದ್ಯವನ್ನು ಮೊದಲ ಅಧಿಕೃತ ಅಂತಾರಾಷ್ಟ್ರೀಯ ಫುಟ್‌ಬಾಲ್ ಪಂದ್ಯವೆಂದು ಗುರುತಿಸಲಾಗುತ್ತದೆ; ಗೋಲಿಲ್ಲದೆ ಮುಗಿದ ಆ ಪಂದ್ಯಕ್ಕೆ ಯಾವ ಕಪ್ಪೂ ಇರಲಿಲ್ಲ.

ರೌಸ್ ಕಪ್ ಹುಟ್ಟಿದ್ದು 1985ರಲ್ಲಿ. ಬ್ರಿಟನ್ನಿನ ನಾಲ್ಕು ತಂಡಗಳ ವಾರ್ಷಿಕ ಚಾಂಪಿಯನ್‌ಷಿಪ್ 1984ರಲ್ಲಿ ನಿಂತುಹೋದ ಬಳಿಕ, ಇಂಗ್ಲೆಂಡ್–ಸ್ಕಾಟ್ಲೆಂಡ್ ಮುಖಾಮುಖಿಯನ್ನಾದರೂ ಉಳಿಸಿಕೊಳ್ಳಲು, 1961ರಿಂದ 1974ರವರೆಗೆ ಫಿಫಾ ಅಧ್ಯಕ್ಷರಾಗಿದ್ದ ಸರ್ ಸ್ಟ್ಯಾನ್ಲಿ ರೌಸ್ ಅವರ ಹೆಸರಿನಲ್ಲಿ ಅದನ್ನು ಆರಂಭಿಸಲಾಯಿತು. ರೌಸ್ ಹುಟ್ಟಿದ್ದೇ 1895ರಲ್ಲಿ ಎಂಬುದನ್ನು ನೆನೆದರೆ ಸಂದೇಶದ ಅಸಂಬದ್ಧತೆ ತಾನಾಗಿ ಬಯಲಾಗುತ್ತದೆ.

ಮೊದಲ ವರ್ಷದ ಪಂದ್ಯ ವೆಂಬ್ಲಿಯಲ್ಲಿ ನಡೆಯಬೇಕಿತ್ತಾದರೂ, ಅಭಿಮಾನಿಗಳ ಪುಂಡಾಟದ ಭೀತಿಯಿಂದ ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್‌ಗೆ ಸ್ಥಳಾಂತರಗೊಂಡು, ರಿಚರ್ಡ್ ಗಾಫ್ ಹೊಡೆದ ಏಕೈಕ ಗೋಲಿನಿಂದ ಸ್ಕಾಟ್ಲೆಂಡ್ ಗೆದ್ದಿತು. ಮರುವರ್ಷ ವೆಂಬ್ಲಿಯಲ್ಲಿ ಇಂಗ್ಲೆಂಡ್ 2–1ರಿಂದ ಜಯಿಸಿತು. ಅನಂತರ ಪ್ರತಿ ವರ್ಷ ದಕ್ಷಿಣ ಅಮೆರಿಕದ ಒಂದು ತಂಡವನ್ನು ಸೇರಿಸಿಕೊಳ್ಳಲಾಯಿತು: 1987ರಲ್ಲಿ ಬಂದ ಬ್ರೆಜಿಲ್ (ಅತಿಥಿಯೆಂಬ ಸಂಕೋಚವಿಲ್ಲದೆ) ಕಪ್ಪನ್ನೇ ಕೊಂಡೊಯ್ದಿತು, ಕೊಲಂಬಿಯಾ ಮತ್ತು ಚಿಲಿ ಆಡಿದ ಮುಂದಿನ ಎರಡು ವರ್ಷ ಇಂಗ್ಲೆಂಡ್ ಗೆದ್ದಿತು.

ಹೀಗೆ ಕೇವಲ ಐದು ಬಾರಿ ನಡೆದ ಈ ಸೌಹಾರ್ದ ಟೂರ್ನಿ 1989ರ ನಂತರ ನಿಂತಿತು. ಆ ಎರಡು ನೆರೆಯ ತಂಡಗಳು ಮತ್ತೆ ಎದುರಾದದ್ದು 1996ರ ಯೂರೋ ಕಪ್‌ನಲ್ಲಿ.