ನೂರು ಗಜದೊಳಗೊಬ್ಬ ಭಾವ

ಅಲಾಸ್ಕದ ಹಿಮಬೆಟ್ಟಗಳಲ್ಲಿ ಕರಡಿ ಬೇಟೆಯಾಡಲು ಕೋವಿ, ಗುಂಡು, ಗುಂಡಿಗೆ ಈ ಮೂರಿದ್ದರೆ ಸಾಕೆಂದು ನಾನು ಬಹಳ ಕಾಲ ನಂಬಿದ್ದೆ. ಇವು ಮೂರಕ್ಕಿಂತ ಮೊದಲು ಒಬ್ಬ ಭಾವ ಬೇಕು ಎಂಬುದು ನನಗೆ ತಿಳಿದದ್ದು ತಡವಾಗಿ. ಹೊರರಾಜ್ಯದವನು ಅಲ್ಲಿ ಕಂದು ಕರಡಿಯನ್ನು ಹೊಡೆಯಬೇಕಾದರೆ ಒಂದೋ ಪರವಾನಗಿ ಪಡೆದ ಮಾರ್ಗದರ್ಶಿಯೊಬ್ಬನನ್ನು ಗೊತ್ತು ಮಾಡಿಕೊಳ್ಳಬೇಕು, ಇಲ್ಲವೇ ಅಲಾಸ್ಕದ ನಿವಾಸಿಯಾದ, 19 ವರ್ಷ ತುಂಬಿದ, ಹತ್ತಿರದ ಬಂಧುವೊಬ್ಬನನ್ನು ಜೊತೆಗಿಟ್ಟುಕೊಳ್ಳಬೇಕು. ಮಾರ್ಗದರ್ಶಿ ಕೇಳುವ ಹಣಕ್ಕೆ ಒಂದು ಕಾರು ಬರುತ್ತದೆ. ಬಂಧುವಾದರೆ ಪುಕ್ಕಟೆ ಎಂದು ಆಗ ಅಂದುಕೊಂಡಿದ್ದೆ.

ಹತ್ತಿರದ ಬಂಧು ಯಾರು ಎಂಬುದಕ್ಕೂ ಸರ್ಕಾರ ಒಂದು ಪಟ್ಟಿ ಮಾಡಿಟ್ಟಿದೆ. ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅತ್ತೆ ಮಾವ, ಅಳಿಯ ಸೊಸೆ, ಇವರ ಜೊತೆಗೆ ಭಾವ ಭಾಮೈದಂದಿರು. ಚಿಕ್ಕಪ್ಪ ದೊಡ್ಡಪ್ಪಂದಿರಿಗೆ ಅದರಲ್ಲಿ ಜಾಗವಿಲ್ಲ, ಸೋದರಮಾವನಿಗೂ ಇಲ್ಲ. ದೊಡ್ಡಪ್ಪನ ಮಗನನ್ನು ಬಾಯ್ತುಂಬ ಅಣ್ಣ ಎಂದು ಕರೆದು ಬೆಳೆದ ನಮಗೆ, ಕರಡಿಯ ಮಟ್ಟಿಗೆ ಅವನು ಯಾರೂ ಅಲ್ಲ ಎಂಬ ಸುದ್ದಿ ಸ್ವಲ್ಪ ನೋವಿನದೇ. ಆದರೆ ಅಕ್ಕನ ಗಂಡ ಸಲ್ಲುತ್ತಾರೆ. ನನ್ನ ಭಾವ ಲೆಕ್ಕಪರಿಶೋಧಕರು, ಅಲಾಸ್ಕದ ಆಂಕರೇಜಿನಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಅಲ್ಲಿಗೆ ಹೋದರು. ಆ ವಾರ್ತೆ ಬಂದ ದಿನ ಮನೆಯವರೆಲ್ಲ ಅಕ್ಕ ಚಳಿಯಲ್ಲಿ ಹೇಗೆ ಬದುಕುತ್ತಾಳೋ ಎಂದು ಮರುಗುತ್ತಿದ್ದರೆ, ನಾನೊಬ್ಬ ಮಾತ್ರ ಭಾವ ಕಾನೂನಿನ ಪ್ರಕಾರ ನಿವಾಸಿಯಾಗಲು ಬೇಕಾದ ಹನ್ನೆರಡು ತಿಂಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದೆ.

ಈ ಹುಚ್ಚಿನ ಮೂಲ ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಅಟ್ಟದಲ್ಲಿದೆ. ಅಜ್ಜನ ಜೋಡುನಳಿಗೆಯ ಕೋವಿ ಅಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಶಿಕಾರಿಯನ್ನು ನಿಲ್ಲಿಸಿದ ಮೇಲೆ ಅಜ್ಜ ಕೋವಿಯಲ್ಲಿ ಹೊಡೆಯುವುದನ್ನು ಬಿಟ್ಟು ಬಾಯಿಯಲ್ಲಿ ಹೊಡೆಯತೊಡಗಿದರು. ಪ್ರಾಣಿ ಎಬ್ಬಿಸಲು ಹಳು ನುಗ್ಗಿದವರ ಕೂಗು, ಕೋವಿ ಹಿಡಿದು ಬಿಲ್ಲಿಗೆ ನಿಂತವರ ಎದೆಬಡಿತ, ಒಂದೇ ಈಡಿಗೆ ಉರುಳಿದ ಕರಡಿ, ಎಲ್ಲವೂ ಊಟವಾದ ಮೇಲೆ ಜಗಲಿಗೆ ಬರುತ್ತಿದ್ದವು. ಆ ಕರಡಿ ನಾನು ಒಂದನೆಯ ತರಗತಿಯಲ್ಲಿದ್ದಾಗ ನಾಯಿಯಷ್ಟಿತ್ತು, ಹೈಸ್ಕೂಲು ಮುಗಿಸುವ ಹೊತ್ತಿಗೆ ಕೋಣದಷ್ಟಾಗಿತ್ತು. ಅದನ್ನು ಮೀರಿಸುವ ಕರಡಿ ಇನ್ನು ಭಾರತದಲ್ಲಿ ಸಿಗುವಂತಿರಲಿಲ್ಲ, ಸಿಕ್ಕರೂ ಮುಟ್ಟುವಂತಿರಲಿಲ್ಲ. ಟೆಕ್ಸಸ್ಸಿಗೆ ಬಂದು, ಹಸಿರು ಕಾರ್ಡಿಗಾಗಿ ಹನ್ನೊಂದು ವರ್ಷ ಕಾದು, ಅದು ಕೈಗೆ ಬರುವವರೆಗೆ ಕೋವಿಯ ಅಂಗಡಿಯ ಕಡೆ ತಲೆ ಹಾಕಿಯೂ ಮಲಗಬಾರದೆಂಬ ಹೆಂಡತಿಯ ಆಜ್ಞೆಯನ್ನು ಪಾಲಿಸಿ, ಆಮೇಲೆ ಒಂದು .338 ರೈಫಲ್ಲನ್ನು ಕೊಂಡೆ. ಗುರಿ ಕಲಿಯಲು ಹೋದ ಮೊದಲ ದಿನವೇ ಅದು ಭುಜಕ್ಕೆ ಒದ್ದ ಒದೆಗೆ ಎರಡು ವಾರ ಅಂಗಿಯ ಗುಂಡಿಯನ್ನು ಹೆಂಡತಿಯೇ ಹಾಕಬೇಕಾಯಿತು. ಪರವಾನಗಿಗೆ 160 ಡಾಲರು, ಕಂದು ಕರಡಿಗೆ ಸಿಕ್ಕಿಸುವ ಲೋಹದ ಬಿಲ್ಲೆಗೆ 1,000 ಡಾಲರು ಕಟ್ಟಿದೆ. ಸುದ್ದಿ ತಿಳಿದ ಅಮ್ಮ ಊರಿನಿಂದ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲ ಮಾರಾಯ, ಆ ಕರಡಿ ನಿಂಗೆ ಏನು ಮಾಡಿತ್ತು?"

ಏಪ್ರಿಲ್ ಕೊನೆಯಲ್ಲಿ ಹೊರಟೆ. ದೊಡ್ಡ ಗಂಡು ಕರಡಿಗಳು ಚಳಿಗಾಲದ ನಿದ್ದೆ ಮುಗಿಸಿ ಮೊದಲು ಹೊರಬೀಳುವುದು ಆ ಹೊತ್ತಿಗೆ, ಮರಿಗಳಿರುವ ತಾಯಂದಿರು ಗುಹೆ ಬಿಡುವುದು ಇನ್ನೂ ತಡ. ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಗುಂಡಿಲ್ಲದ ರೈಫಲ್ಲನ್ನಿಟ್ಟು, ವಿಮಾನ ನಿಲ್ದಾಣದಲ್ಲಿ ಅದನ್ನು ಘೋಷಿಸಿ, ಹತ್ತು ಜನರ ಸಂಶಯದ ದೃಷ್ಟಿಗೆ ಗುರಿಯಾಗಿ ಅಷ್ಟು ಜತನದಿಂದ ಕಳಿಸಿದ್ದಕ್ಕೆ ಅದು ಸುಖವಾಗಿ ಆಂಕರೇಜಿಗೆ ಬಂದಿಳಿಯಿತು. ಯಾರೂ ಎರಡನೆಯ ಸಲ ನೋಡದಿದ್ದ ಬಟ್ಟೆಯ ಚೀಲ, ಅದರೊಳಗಿನ ಹಿಮದ ಬೂಟುಗಳ ಸಮೇತ, ಯಾವುದೋ ಬೆಚ್ಚಗಿನ ಊರಿಗೆ ಹೋಯಿತು. ಭಾವನ ಹಳೆಯ ಬೂಟುಗಳು ನನಗೆ ಎರಡು ಅಳತೆ ದೊಡ್ಡವು. ಮೂರು ಜೊತೆ ಕಾಲುಚೀಲ ತುರುಕಿಕೊಂಡು ನಡೆದರೆ ಬೂಟು ಮೊದಲು ಹೆಜ್ಜೆಯಿಡುತ್ತಿತ್ತು, ಸ್ವಲ್ಪ ಯೋಚಿಸಿ ಕಾಲು ಹಿಂಬಾಲಿಸುತ್ತಿತ್ತು.

ಲೇಕ್ ಹುಡ್ ಎಂಬಲ್ಲಿಂದ ನಮ್ಮ ಪುಟ್ಟ ವಿಮಾನ ಏರಬೇಕಿತ್ತು. ಜಗತ್ತಿನಲ್ಲೇ ಅತ್ಯಂತ ದಟ್ಟಣೆಯ, ನೀರಿನ ಮೇಲಿಳಿಯುವ ವಿಮಾನಗಳ ನಿಲ್ದಾಣವೆಂದು ಹೆಸರಾದ ಆ ಕೆರೆಯ ಪಕ್ಕದಲ್ಲಿ ಜಲ್ಲಿಯ ಓಡುದಾರಿಯೊಂದಿದೆ. ಸೂಪರ್ ಕಬ್ ಎಂಬ ಆ ವಿಮಾನದಲ್ಲಿ ಚಾಲಕನ ಬೆನ್ನಿಗಂಟಿದಂತೆ ಒಬ್ಬ ಮಾತ್ರ ಕೂರಬಹುದು. ಚಕ್ರದ ಜೊತೆಗೆ ಹಿಮದ ಮೇಲೆ ಜಾರುವ ಸ್ಕೀಗಳೂ ಅದಕ್ಕಿದ್ದವು. ಚಾಲಕ ಸಾಮಾನುಗಳನ್ನೂ ನಮ್ಮನ್ನೂ ಒಂದೇ ತಕ್ಕಡಿಯಲ್ಲಿ, ಒಂದೇ ಬಗೆಯ ನಿರ್ವಿಕಾರದಿಂದ ತೂಗಿದ. ನನ್ನ ತೂಕವನ್ನು ಅವನು ಗಟ್ಟಿಯಾಗಿ ಓದಿದಾಗ ಭಾವ ಅದನ್ನು ಬರೆದುಕೊಂಡರು. ಯಾಕೆಂದು ನಾನು ಕೇಳಲಿಲ್ಲ. ಲೆಕ್ಕ ಹಾಕಿ ಅವರೇ ತೀರ್ಪು ಕೊಟ್ಟರು: "ನೀನು ಡೇರೆ, ಅಡುಗೆ ಸಾಮಾನು ತಗೊಂಡು ಮೊದಲು ಹೋಗು. ರೈಫಲ್ ಪೆಟ್ಟಿಗೆ ಭಾರ, ಅದು ನನ್ನ ಜೊತೆ ಎರಡನೇ ಟ್ರಿಪ್ಪಿಗೆ ಬರುತ್ತೆ."

ಅಲಾಸ್ಕ ಪರ್ವತಶ್ರೇಣಿಯ ಹೆಸರಿಲ್ಲದ ಒಂದು ಕಣಿವೆಯಲ್ಲಿ ನನ್ನನ್ನೂ ಹನ್ನೆರಡು ಗಂಟುಗಳನ್ನೂ ಇಳಿಸಿ ವಿಮಾನ ಹಾರಿಹೋಯಿತು. ಅದರ ಸದ್ದು ಅಡಗಿದ ಮೇಲೆ ಉಳಿದ ಮೌನ ಎಂಥದ್ದೆಂದರೆ ನನ್ನ ಹೊಟ್ಟೆಯ ಗುರುಗುಟ್ಟುವಿಕೆ ನನಗೇ ಇನ್ನೊಬ್ಬರ ಮಾತಿನಂತೆ ಕೇಳಿಸಿತು. ಡೇರೆಯ ಕಂಬಗಳನ್ನು ಜೋಡಿಸುತ್ತ ತಲೆಯೆತ್ತಿದೆ. ಎದುರಿನ ಇಳಿಜಾರಿನಲ್ಲಿ, ಮುನ್ನೂರು ಗಜಗಳಾಚೆ, ಕರಡಿ ನಿಂತಿತ್ತು.

ಇಷ್ಟು ವರ್ಷ ಕಾದದ್ದು ಈ ಕ್ಷಣಕ್ಕೆ. ಈ ಕ್ಷಣಕ್ಕೆ ನನ್ನ ಕೈಯಲ್ಲಿದ್ದದ್ದು ಡೇರೆಯ ಗೂಟ. ರೈಫಲ್ ಆಂಕರೇಜಿನಲ್ಲಿತ್ತು. ಬೇಟೆಯಾಡುವಾಗ ಕಾನೂನಿನ ಪ್ರಕಾರ ನನ್ನಿಂದ ನೂರು ಗಜದೊಳಗೆ ಇರಬೇಕಾದ ಭಾವ ಅದರ ಪಕ್ಕದಲ್ಲೇ ಕೂತು ಬಹುಶಃ ಕಾಫಿ ಕುಡಿಯುತ್ತಿದ್ದರು. ಎರಡೂ ಸಾಕ್ಷಾತ್ ಎದುರಿಗಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ವಿಮಾನದಲ್ಲಿ ಹಾರಿ ಬಂದವನು ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ದೊಡ್ಡ ಪ್ರಾಣಿಯನ್ನು ಹೊಡೆಯುವಂತಿಲ್ಲ. ಆಕಾಶದಿಂದಲೇ ಪ್ರಾಣಿಯನ್ನು ಗುರುತಿಸಿ, ಪಕ್ಕದಲ್ಲಿಳಿದು, ಗುಂಡು ಹಾರಿಸುವ ಸೋಮಾರಿಗಳನ್ನು ತಡೆಯಲು ಮಾಡಿದ ಒಳ್ಳೆಯ ನಿಯಮ ಅದು. ಕರಡಿಗೆ ಈ ಮೂರೂ ತಿಳಿದಿದ್ದಂತೆ ತೋರಿತು. ಹಿಂಗಾಲುಗಳ ಮೇಲೆ ಎದ್ದು ನಿಂತು ಮೂಗೆತ್ತಿ ಗಾಳಿಯನ್ನು ಓದಿತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎನ್ನುತ್ತಾರೆ. ಗಾದೆಯಲ್ಲಿರುವ ಕರಡಿ ಪ್ರಾಣಿಯಲ್ಲ, ಪೂಜೆಯಲ್ಲಿ ನುಡಿಸುವ ವಾದ್ಯ ಎಂದು ವಿವರಿಸುವ ವಿದ್ವಾಂಸರೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಆಗ ನನ್ನ ಪಕ್ಕದಲ್ಲಿರಬೇಕಿತ್ತು. ಇಲ್ಲಂತೂ ಕರಡಿಯೇ ತನ್ನ ಪಾಡಿಗೆ ಪೂಜೆಯಲ್ಲಿತ್ತು, ಬಿಟ್ಟದ್ದು ನನ್ನನ್ನು.

ಅದು ನಾಲ್ಕು ಹೆಜ್ಜೆ ಕೆಳಗಿಳಿಯಿತು. ನನ್ನ ಬಳಿ ಕರಡಿಯನ್ನು ಬೆದರಿಸುವ ಮೆಣಸಿನ ಸ್ಪ್ರೇ ಇತ್ತು. ಅದು ಮೂವತ್ತು ಅಡಿಯೊಳಗೆ ಬಂದ ಕರಡಿಗೆ ಮಾತ್ರ ಉಪಯೋಗ, ಮತ್ತು ಗಾಳಿಯ ದಿಕ್ಕನ್ನು ನೋಡಿ ಒತ್ತಬೇಕು ಎಂದು ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿರುತ್ತದೆ. ಓದು ಬಲ್ಲವನಾದ ನಾನು ಒಂಬೈನೂರು ಅಡಿ ದೂರದ ಕರಡಿಯ ಕಡೆಗೆ, ಎದುರುಗಾಳಿಯಲ್ಲಿ, ಒತ್ತಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವಾದರೂ ಇದೆ, ಇದರಲ್ಲಿ ಬರೀ ಖಾರ. ಕಣ್ಣು, ಮೂಗು, ಗಂಟಲು, ಹಿಂದೆಂದೂ ಇದ್ದಾವೆಂದು ಗೊತ್ತಿರದ ಕೆಲವು ಜಾಗಗಳು ಒಟ್ಟಿಗೆ ಹೊತ್ತಿಕೊಂಡವು. ಮುಖವನ್ನು ಹಿಮದಲ್ಲಿ ಹುಗಿದು, ಮಂಡಿಯೂರಿ, ಅಜ್ಜನಿಂದ ಹಿಡಿದು ಕುಲದೇವರವರೆಗೆ ಎಲ್ಲರನ್ನೂ ಕರೆದೆ. ಕಣ್ಣು ಬಿಡಲು ಸಾಧ್ಯವಾದಾಗ ಕರಡಿ ಇರಲಿಲ್ಲ. ಇಂಥದ್ದನ್ನು ಹೆಚ್ಚು ಹೊತ್ತು ನೋಡಬಾರದೆಂದು ಅದಕ್ಕೆ ಅನ್ನಿಸಿರಬೇಕು.

ಎರಡು ಗಂಟೆಯ ಮೇಲೆ ಬಂದಿಳಿದ ಭಾವ ನನ್ನ ಊದಿದ ಮುಖವನ್ನೂ, ಅರ್ಧ ನಿಂತ ಡೇರೆಯನ್ನೂ, ಖಾಲಿ ಇಳಿಜಾರನ್ನೂ ಕ್ರಮವಾಗಿ ನೋಡಿದರು.

"ಕರಡಿ ಬಂದಿತ್ತು ಭಾವ, ಅಲ್ಲೇ ನಿಂತಿತ್ತು."

"ಹೂಂ," ಎಂದರು ಭಾವ. ಲೆಕ್ಕಪರಿಶೋಧಕರು ರಸೀದಿಯಿಲ್ಲದ ಖರ್ಚಿಗೆ ಹೇಳುವ ಹೂಂ ಅದು. ಹೆಜ್ಜೆ ಗುರುತು ನೋಡಲು ಹೋಗೋಣವೆಂದರೆ ಅಷ್ಟರಲ್ಲಿ ಹಿಮ ಸುರಿಯತೊಡಗಿತು, ಒಂದೂವರೆ ದಿನ ಸುರಿಯಿತು.

ಮುಂದಿನ ದಿನಗಳಲ್ಲಿ ನಾವು ಮಾಡಿದ ಬೇಟೆಯನ್ನು ಪ್ರಾಮಾಣಿಕವಾಗಿ ಹೇಳುವುದಾದರೆ, ಕೂತೆವು. ಹಿಮದ ಬೆಟ್ಟಗಳಲ್ಲಿ ಕರಡಿ ಬೇಟೆಯೆಂದರೆ ಎತ್ತರದ ಜಾಗದಲ್ಲಿ ಕೂತು ದೂರದರ್ಶಕದಲ್ಲಿ ಎದುರಿನ ಇಳಿಜಾರುಗಳನ್ನು ಗಂಟೆಗಟ್ಟಲೆ ಅಂಗುಲ ಅಂಗುಲ ನೋಡುವುದು. ನನ್ನ ಉಸಿರು ತಾಗಿ ದರ್ಶಕದ ಗಾಜು ಮಂಜಾಗುತ್ತಿತ್ತು, ಒರೆಸುವಷ್ಟರಲ್ಲಿ ಅದೇ ಮಂಜುಗಡ್ಡೆಯಾಗುತ್ತಿತ್ತು. ಕೆಳಗಿನ ಹಿಮದಿಂದ ಪ್ರತಿಫಲಿಸಿದ ಬಿಸಿಲು ಮೂಗಿನ ಹೊಳ್ಳೆಗಳ ಒಳಗನ್ನು ಸುಟ್ಟಿತು. ಬಿಸಿಲು ಕೆಳಗಿನಿಂದಲೂ ಬರುತ್ತದೆಂದು ಟೆಕ್ಸಸ್ಸಿನಲ್ಲಿ ಯಾರೂ ಹೇಳಿರಲಿಲ್ಲ. ಮೂರನೆಯ ದಿನ ಭಾವ ಒಂದು ಕಂದು ಚುಕ್ಕೆಯನ್ನು ಕಂಡುಹಿಡಿದರು. ಅದು ಅಲುಗಿತೆಂದು ನಾನು, ತಲೆಯೆತ್ತಿತೆಂದು ಅವರು. ಸೊಂಟದುದ್ದದ ಹಿಮದಲ್ಲಿ ಹೂತು ಎದ್ದು ಐದು ಗಂಟೆ ನಡೆದೆವು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಬಂಡೆಗಳಿಗೂ ಅನ್ವಯಿಸುತ್ತದೆ. ಹತ್ತಿರ ಹೋದರೆ ಅದು ಬಹಳ ಒರಟಾದ ಬಂಡೆ.

ನಡೆಯುವಾಗಿನ ತೊಂದರೆ ಇನ್ನೊಂದು ಬಗೆಯದು. ಗುರಿಯ ದೂರ ಅಳೆಯಲೆಂದು ಕೊಂಡಿದ್ದ ಲೇಸರ್ ಮಾಪಕವನ್ನು ಭಾವ ನನ್ನನ್ನು ಅಳೆಯಲು ಬಳಸುತ್ತಿದ್ದರು. ಹಿಂದಿನಿಂದ "ತೊಂಬತ್ನಾಲ್ಕು!" ಎಂಬ ಎಚ್ಚರಿಕೆ ಬರುತ್ತಿತ್ತು, "ತೊಂಬತ್ತೆಂಟು!" ಎಂದಾಗ ನಾನು ನಿಲ್ಲಬೇಕಿತ್ತು. ಅವರಿಗೆ ಮಂಡಿನೋವು, ಹತ್ತು ನಿಮಿಷಕ್ಕೊಮ್ಮೆ ಕೂರುತ್ತಿದ್ದರು, ಅವರು ಕೂತಾಗ ಕಾನೂನೂ ಅವರ ಪಕ್ಕದಲ್ಲೇ ಕೂರುತ್ತಿತ್ತು. ಮದುವೆಯ ಮನೆಯಲ್ಲಿ ಅಕ್ಕನ ಸೆರಗಿಗೂ ಭಾವನ ಶಲ್ಯಕ್ಕೂ ಗಂಟು ಹಾಕಿದ್ದನ್ನು ನೋಡಿ ನಕ್ಕಿದ್ದ ಭಾಮೈದ ನಾನು. ಇಪ್ಪತ್ತು ವರ್ಷಗಳ ಮೇಲೆ ಅದರ ಇನ್ನೊಂದು ತುದಿ ನನ್ನ ಸೊಂಟಕ್ಕೆ ಬಂದಿತ್ತು.

ರಾತ್ರಿಗಳ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಚಳಿಯಲ್ಲಿ ಹೊರಗೆ ಹೋಗಲಾಗದ ಅವಸರಕ್ಕೊಂದು ಬಾಟಲಿ, ಕುಡಿಯುವ ನೀರಿಗೊಂದು ಬಾಟಲಿ ಇಟ್ಟುಕೊಳ್ಳುವುದು ರೂಢಿ. ನೀರು ಹೆಪ್ಪುಗಟ್ಟದಿರಲೆಂದು ಅದನ್ನೂ ಮಲಗುವ ಚೀಲದೊಳಗೇ ಇಟ್ಟುಕೊಳ್ಳುತ್ತಾರೆ. ನಮ್ಮವು ಎರಡೂ ಒಂದೇ ಅಂಗಡಿಯ, ಒಂದೇ ಬಣ್ಣದ ಬಾಟಲಿಗಳು. ಭಾವನ ಮರ್ಯಾದೆಯ ದೃಷ್ಟಿಯಿಂದ ಈ ಪ್ರಸಂಗವನ್ನು ಇಲ್ಲಿಗೇ ಮುಚ್ಚುವುದು ಉಚಿತ.

ಅಡುಗೆಯನ್ನು ಡೇರೆಯಿಂದ ದೂರ, ಒಂದು ದಿಬ್ಬದ ಕೆಳಗೆ ಮಾಡುತ್ತಿದ್ದೆವು. ಕರಡಿಯ ಮೂಗು ಬಲು ಸೂಕ್ಷ್ಮವಾದ್ದರಿಂದ ತಿನ್ನುವುದನ್ನೂ ಮಲಗುವುದನ್ನೂ ಬೇರೆ ಬೇರೆ ಇಡಬೇಕು, ಆಹಾರವನ್ನು ಕರಡಿಗೆ ತೆರೆಯಲಾಗದ ಡಬ್ಬದಲ್ಲಿ ಮುಚ್ಚಿಡಬೇಕು. ಬಿಸಿನೀರು ಸುರಿದರೆ ಊಟವಾಗುವ ಒಣ ಪೊಟ್ಟಣಗಳು ಎರಡನೆಯ ದಿನವೇ ಬಾಯಿಗೆ ಸಪ್ಪೆಯಾದವು. ಅಕ್ಕ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿ, ಇಂಗಿನ ಡಬ್ಬಿ ಹೊರಬಂದವು. ತುಪ್ಪಕ್ಕೆ ಸಾಸಿವೆ, ಒಣಮೆಣಸು, ಚಿಟಿಕೆ ಇಂಗು ಹಾಕಿದ ಮೊದಲ ಒಗ್ಗರಣೆಯ ವಾಸನೆ ಆ ಕಣಿವೆಯ ಇತಿಹಾಸದಲ್ಲೇ ಹೊಸದು. ಭಾವನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಪರವಾನಗಿಯಿಲ್ಲದೆ ಆಮಿಷವೊಡ್ಡಿ ಕರಡಿ ಹೊಡೆಯುವುದು ಅಪರಾಧ, ಹಾಗಾದರೆ ಒಗ್ಗರಣೆ ಊಟವೋ ಆಮಿಷವೋ ಎಂದು ಅವರು ನಿಯಮ ಪುಸ್ತಕವನ್ನು ಟಾರ್ಚಿನ ಬೆಳಕಿನಲ್ಲಿ ಹುಡುಕಿದರು. "ಕರಡಿ ಇದ್ದರೆ ತಾನೇ ಭಾವ ಆಮಿಷ? ನಿಮ್ಮ ಪ್ರಕಾರ ಇಲ್ಲಿ ಕರಡಿಯೇ ಇಲ್ಲವಲ್ಲ," ಎಂದೆ. ಆಮೇಲೆ ಉಂಡರು.

ರಾಜ್ಯದಲ್ಲಿ ಸುಮಾರು 30,000 ಕಂದು ಕರಡಿಗಳಿವೆಯಂತೆ. ಏಳು ದಿನಗಳಲ್ಲಿ ಅವುಗಳಲ್ಲಿ ಒಂದೂ ಮತ್ತೆ ಕಣ್ಣಿಗೆ ಬೀಳಲಿಲ್ಲ.

ಎಂಟನೆಯ ಬೆಳಿಗ್ಗೆ ವಿಮಾನ ಬಂತು. ಗಂಟು ಕಟ್ಟುವಾಗ ಇಂಗಿನ ಡಬ್ಬಿ ಕಾಣಲಿಲ್ಲ. ಹಿಂದಿನ ರಾತ್ರಿ ಒಲೆಯ ಪಕ್ಕದಲ್ಲೇ ಮರೆತದ್ದು ನಾನೆಂದು ಅವರು, ಅವರೆಂದು ನಾನು. ಚಾಲಕ ಅವಸರಪಡಿಸಿದ. ಈ ಸಲ ಭಾವ ಮೊದಲು ಹಾರಿದರು, ನಾನು ರೈಫಲ್ ಜೊತೆ ಉಳಿದೆ. ಆ ದಿನ ನಾನಿನ್ನೂ ವಿಮಾನ ಹತ್ತಿರಲಿಲ್ಲ, ಕೋವಿ ಕೈಯಲ್ಲಿತ್ತು, ಬಿಸಿಲು ಚೆನ್ನಾಗಿತ್ತು. ಭಾವ ಮಾತ್ರ ನೂರು ಗಜದಾಚೆ, ಮೋಡದಲ್ಲಿದ್ದರು.

ಮತ್ತೆ ಬಂದಿಳಿದ ಚಾಲಕ ನಗುತ್ತಿದ್ದ. "ನಿನ್ನ ಭಾವ ಒಂದು ಮಾತು ಹೇಳಿ ಕಳಿಸಿದ್ದಾನೆ," ಎಂದ. "ನೀನು ಹೇಳಿದ್ದು ನಿಜವಂತೆ." ಏರಿದ ಮೇಲೆ ರೆಕ್ಕೆಯನ್ನು ವಾಲಿಸಿ ಕೆಳಗೆ ತೋರಿಸಿದ. ನಾವು ಏಳು ದಿನ ಬೆನ್ನು ತಿರುಗಿಸಿ ಕೂತಿದ್ದ ಬೆಟ್ಟದಿಂದ ಹೆಜ್ಜೆಗಳ ಸಾಲೊಂದು ಇಳಿದು ಬಂದು, ಅಡುಗೆಯ ದಿಬ್ಬದ ಆಚೆಯ ಮಗ್ಗುಲಲ್ಲಿ ನಿಂತಿತ್ತು. ಅಲ್ಲಿ ಹಿಮದಲ್ಲಿ ದೊಡ್ಡದೊಂದು ಗುಂಡಿ, ಯಾರೋ ಬಹಳ ಹೊತ್ತು ಆರಾಮವಾಗಿ ಕೂತೆದ್ದ ಹಾಗೆ. ಮುಂದೆ ಹೆಜ್ಜೆಗಳು ದಿಬ್ಬವನ್ನು ಬಳಸಿ ನಮ್ಮದೇ ತುಳಿದಾಟದಲ್ಲಿ ಕಲೆತು, ಬಂದ ದಾರಿಯಲ್ಲೇ ಹಿಂತಿರುಗಿದ್ದವು. ಡೇರೆಯಿಂದ ಆ ಗುಂಡಿಗೆ ಎಪ್ಪತ್ತು ಗಜವಿದ್ದೀತೆಂದು ಭಾವ ಆಮೇಲೆ ಅಂದಾಜು ಮಾಡಿದರು. ನೂರು ಗಜದ ನಿಯಮವನ್ನು ನಮ್ಮಿಬ್ಬರಿಗಿಂತ ಅದೇ ಚೆನ್ನಾಗಿ ಪಾಲಿಸಿತ್ತು.

ಮನೆಯಲ್ಲಿ ಅಕ್ಕ ಚೀಲಗಳನ್ನು ಬಿಚ್ಚಿ, ಪಾತ್ರೆಗಳನ್ನು ಒಂದೊಂದಾಗಿ ಎಣಿಸಿ, ತಲೆಯೆತ್ತಿದಳು.

"ಇಂಗಿನ ಡಬ್ಬಿ ಎಲ್ಲಿ?"

ನಾನು ಭಾವನ ಮುಖ ನೋಡಿದೆ. ಭಾವ ಗಂಟಲು ಸರಿಮಾಡಿಕೊಂಡು, "ಕರಡಿ ತಗೊಂಡು ಹೋಯ್ತು ಕಣೆ," ಎಂದರು.

"ಹೂಂ," ಎಂದಳು ಅಕ್ಕ.