ಕರೆಯದೇ ಬರುವ ರಿಪೇರಿಯವರು

ನಲ್ಲಿ ಸೋರುತ್ತಿದೆ ಎಂದು ಪ್ಲಂಬರ್‌ಗೆ ಫೋನ್ ಮಾಡಿ ಒಂಬತ್ತು ದಿನವಾಯಿತು. "ದಾರೀಲಿದ್ದೀನಿ ಸಾರ್" ಎಂದ. ಇನ್ನೂ ದಾರಿಯಲ್ಲೇ ಇದ್ದಾನೆ. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಮಾತ್ರ ಈ ತೊಂದರೆ ಇಲ್ಲ. ಯಾರೂ ಕರೆದಿಲ್ಲ, ಏನೂ ಕೆಟ್ಟಿಲ್ಲ, ಆದರೂ ಇಬ್ಬರು ಟೂಲ್ ಬಾಕ್ಸ್ ಹಿಡಿದು ಬಾಗಿಲಲ್ಲಿ ಹಾಜರ್. ಎಂಥಾ ಸೇವೆ!

ಇವರ ಕಣ್ಣೂ ಸಾಮಾನ್ಯದ್ದಲ್ಲ. ರಸ್ತೆಯಲ್ಲಿ ನಿಂತೇ ಚಾವಣಿಯ ಬಿರುಕು ಕಾಣುತ್ತದೆ. ಬಿರುಕು ಇಲ್ಲದಿದ್ದರೆ ಮೇಲೆ ಹತ್ತಿ ಸುತ್ತಿಗೆಯಲ್ಲಿ ಒಂದು ಮಾಡಿಕೊಂಡು ಬರುತ್ತಾರೆ. "ಪಕ್ಕದ ಬೀದೀಲಿ ಕೆಲಸ ಮಾಡ್ತಿದ್ವಿ ಅಮ್ಮ, ಸ್ವಲ್ಪ ಸಿಮೆಂಟ್ ಉಳಿದಿದೆ. ಇವತ್ತೇ ಆದ್ರೆ ಅರ್ಧ ರೇಟು." ಆ ಉಳಿದ ಸಿಮೆಂಟ್ ಅಕ್ಷಯಪಾತ್ರೆ. ಎಷ್ಟು ಮನೆಗೆ ಬಳಿದರೂ ಉಳಿಯುತ್ತಲೇ ಇರುತ್ತದೆ.

ನನಗೆ ಇವರಲ್ಲೆಲ್ಲ ಜಾಸ್ತಿ ಇಷ್ಟ ನೀರಿನ ಡಾಕ್ಟರು, ಅಂದರೆ ನೀರು ಶುದ್ಧ ಮಾಡುವ ಮೆಷಿನ್ನು ಮಾರಲು ಬರುವವನು. ಒಂದು ಗ್ಲಾಸಿನಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವನ ಮೆಷಿನ್ನಿನ ನೀರು. ಎರಡಕ್ಕೂ ಕರೆಂಟಿನ ಕಡ್ಡಿ ಅದ್ದುತ್ತಾನೆ. ಸ್ವಲ್ಪ ಹೊತ್ತಿಗೆ ನಿಮ್ಮದು ಕೆಸರು, ಅವನದು ತಿಳಿ. "ನೋಡಿ ತಾತ, ಇಷ್ಟು ವರ್ಷ ಇದನ್ನೇ ಕುಡಿದಿದ್ದೀರಿ." ತಾತನಿಗೆ ಎಂಬತ್ತೆರಡು. ಅದನ್ನೇ ಕುಡಿದು ಇಷ್ಟು ಗಟ್ಟಿಯಾಗಿದ್ದೇನೆ ಎನ್ನಲು ಆ ಗಳಿಗೆಯಲ್ಲಿ ಹೊಳೆಯುವುದಿಲ್ಲ. ಅಸಲಿಗೆ ಆ ಕೊಳೆ ನೀರಿನದ್ದಲ್ಲ, ಕಡ್ಡಿಯದ್ದು. ನಲ್ಲಿ ನೀರಿನಲ್ಲಿ ಲವಣ ಇರುತ್ತದೆ, ಕರೆಂಟ್ ಹರಿಯುತ್ತದೆ, ಕಬ್ಬಿಣದ ಕಡ್ಡಿ ಸವೆದು ತುಕ್ಕು ತೇಲುತ್ತದೆ. ಮೆಷಿನ್ನು ಲವಣ ತೆಗೆದಿರುತ್ತದೆ, ಹಾಗಾಗಿ ಆ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯದು. ಅವನ ಗ್ಲಾಸಿಗೂ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೆ ಅದ್ದಪ್ಪಾ ಎಂದು ನೋಡಿ. ಡಾಕ್ಟರಿಗೆ ತಕ್ಷಣ ಬೇರೆ ಮನೆಯ ಅರ್ಜೆಂಟ್ ಕೇಸು ನೆನಪಾಗುತ್ತದೆ.

ಇಂಥ ಮೋಸದ ಬಗ್ಗೆ ಎಚ್ಚರಿಸುವ ಜಾಗೃತಿಯವರು ಸುಮ್ನೆ ಕೂತಿಲ್ಲ. ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಹಿರಿಯರಿಗಾಗಿ ಕರಪತ್ರ ಅಚ್ಚು ಹಾಕಿಸಿದ್ದಾರೆ. "ಗುರುತಿನ ಚೀಟಿ ಕೇಳಿ." ಕೇಳೋದೇ ಬೇಡ, ಅವನ ಕೊರಳಲ್ಲೇ ನೇತಾಡುತ್ತಿರುತ್ತದೆ, ಫೋಟೋ, ಸೀಲು ಸಮೇತ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ ಹೊರಗೆ ವ್ಯಾನಿನಲ್ಲಿ ಕೂತ ಅವನ ತಮ್ಮ "ಹೌದು, ನಮ್ಮವರೇ" ಎನ್ನುತ್ತಾನೆ. ನಿಮ್ಮ ಹಳೇ ಬಿಲ್ಲಿನಲ್ಲಿರುವ ನಂಬರಿಗೆ ಮಾಡಿ ಎಂಬ ಒಂದು ಸಾಲಿಗೆ ಕರಪತ್ರದಲ್ಲಿ ಜಾಗ ಸಾಲಲಿಲ್ಲವೇನೋ.

ಅಡ್ವಾನ್ಸ್ ತೆಗೆದುಕೊಂಡು ಅವರು ಹೋದ ಮೇಲೆ ನಮ್ಮ ಸರದಿ. ದೂರು ಕೊಡಲು ಹೋದರೆ "ರಸೀದಿ ಎಲ್ಲಿ?" ಮನೆಗೆ ಬಂದರೆ "ಈ ವಯಸ್ಸಲ್ಲೂ ಬುದ್ಧಿ ಬೇಡ್ವಾ?" ಸಾಕು ಮಾಡ್ರಪ್ಪಾ. ಬಾಗಿಲು ತಟ್ಟಿದವರಿಗೆ ಬಾಗಿಲು ತೆಗೆದದ್ದು ಒಂದು ತಪ್ಪಾ? ಕದ್ದವನು ಆರಾಮಾಗಿ ಮುಂದಿನ ಬೀದಿಯಲ್ಲಿದ್ದಾನೆ. ಕಟಕಟೆಯಲ್ಲಿ ನಿಂತಿರೋದು ಅಜ್ಜಿ.

ಒಮ್ಮೆ ಮೋಸ ಹೋದವರ ವಿಳಾಸ ಈ ಕಸುಬಿನವರ ನಡುವೆ ಕೈಯಿಂದ ಕೈಗೆ ಹೋಗುತ್ತದೆ. ಸ್ವಲ್ಪ ದಿನ ಬಿಟ್ಟು ಇನ್ನೊಬ್ಬ ಬರುತ್ತಾನೆ. ನೀಟಾಗಿ ಇಸ್ತ್ರಿ ಹಾಕಿದ ಶರ್ಟು, ಕೈಯಲ್ಲಿ ಫೈಲು. "ಕಳ್ಕೊಂಡ ದುಡ್ಡು ವಾಪಸ್ ಕೊಡಿಸ್ತೀವಿ ಅಜ್ಜಿ, ಸ್ವಲ್ಪ ಫೀಸು ಅಷ್ಟೇ." ಅಜ್ಜಿ ಅದನ್ನೂ ಕೊಡುತ್ತಾರೆ, ಯಾರಿಗೂ ಹೇಳದೆ. ಹೇಳಿದರೆ ಮನೆಯಲ್ಲಿ ಮತ್ತೆ ವಿಚಾರಣೆ, ಅಲ್ವಾ?