ಅಳೆದವರು ಯಾರು ಸ್ವಾಮಿ?

ನಿನ್ನೆ ಸಂಜೆ ನಮ್ಮ ಬಡಾವಣೆಯ ಸಂಘದ ಹಾಲ್‌ನಲ್ಲಿ ಒಂದು ಉಪನ್ಯಾಸ ಇತ್ತು. ಹಿಮಾಲಯ ಚಾರಣಕ್ಕೆ ಹೋಗಿ ಬಂದವರೊಬ್ಬರು ಬ್ರಿಟಿಷರ ಕಾಲದ ಗೂಢಚಾರರ ಬಗ್ಗೆ ಮಾತಾಡಿದರು. ಕಾಫಿ ಬೋಂಡಾ ಎರಡೂ ಚೆನ್ನಾಗಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಇವನು ಬರೀ ಕೊಂಕು ತೆಗೆಯುವವನು ಅನ್ನಬೇಡಿ.

ಹತ್ತು ನಿಮಿಷಕ್ಕೆ ತೆರೆ ತುಂಬ ಒಬ್ಬ ಇಂಗ್ಲಿಷ್ ಅಧಿಕಾರಿಯ ಚಿತ್ರ ಬಂತು. “ಕ್ಯಾಪ್ಟನ್ ಮಾಂಟ್‌ಗೊಮೆರಿ. ಇವರು ಟಿಬೆಟ್ಟನ್ನು ಅಳೆದರು.”

ಬೋಂಡಾ ಗಂಟಲಲ್ಲೇ ನಿಂತಿತು.

31 ವರ್ಷ ಹೊಲ ಗದ್ದೆ ಅಳೆದು ಮಂಡಿ ಸವೆಸಿಕೊಂಡವನು ನಾನು, ನಿಮಗೆ ಗೊತ್ತಲ್ಲ. 33 ಅಡಿ ಚೈನು, ಅದಕ್ಕೆ ಆಣೆ ಅನ್ನುವ 16 ಭಾಗ. ಈಗಲೂ ಕನಸಿನಲ್ಲಿ ಗಡಿ ಗುರುತಿನ ಬಾಂದು ಕಲ್ಲು ಹುಡುಕುತ್ತೇನೆ. ‘ಅಳೆದರು’ ಅನ್ನುವುದು ನಮ್ಮ ಕಸುಬಿನಲ್ಲಿ ಸುಮ್ನೆ ಆಡುವ ಮಾತಲ್ಲ. ಅಳೆದವನು ಆ ಜಾಗದಲ್ಲಿ ನಿಂತಿರಬೇಕು. ಮಾಂಟ್‌ಗೊಮೆರಿ ಸಾಹೇಬರು ಟಿಬೆಟ್ಟಿನ ರಾಜಧಾನಿ ಲಾಸಾಕ್ಕೆ ಕಾಲೇ ಇಟ್ಟವರಲ್ಲ. ವೇಷ ಮರೆಸಿ ಜನ ಕಳಿಸುವ ಯೋಜನೆ ಅವರದು, ಉಪಾಯ ಅವರದು, ಒಪ್ಪಿದೆ. ಕಾಲು ಯಾರದು?

ನೈನ್ ಸಿಂಗ್ ರಾವತ್‌ದು. ಕುಮಾವೂಂ ಬೆಟ್ಟಗಳ ಮಿಲಾಮ್ ಎಂಬ ಹಳ್ಳಿಯ ಶಾಲೆ ಮೇಷ್ಟ್ರು. ಟಿಬೆಟ್ಟಿನೊಳಗೆ ಬಿಳಿಯರಿಗೆ ಪ್ರವೇಶ ಇರಲಿಲ್ಲ. ಆದರೆ ದಾರಿಯ ಲೆಕ್ಕ ಬೇಕೇ ಬೇಕಿತ್ತು. ಅತ್ತ ರಷ್ಯದವರು ಮಧ್ಯ ಏಷ್ಯಾದಲ್ಲಿ ಒಂದೊಂದೇ ಊರು ನುಂಗುತ್ತಿದ್ದರು. ಅವರು ತಾಷ್ಕೆಂಟ್ ಹಿಡಿದ 1865ರಲ್ಲೇ ನೈನ್ ಸಿಂಗ್ ನೇಪಾಳದ ಕಡೆಯಿಂದ ಟಿಬೆಟ್ಟಿಗೆ ನುಸುಳಿದ್ದು.

ಸೈನ್ಯಕ್ಕೆ ದಾರಿ ಅಂದರೆ ಬರೀ ಗೆರೆ ಅಲ್ಲ. ಒಂದು ತಂಗುವ ಜಾಗದಿಂದ ಇನ್ನೊಂದಕ್ಕೆ ಎಷ್ಟು ದೂರ, ಬೆಟ್ಟ ದಾಟುವ ಕಣಿವೆದಾರಿ ಎಷ್ಟು ಎತ್ತರ, ನೀರು ಎಲ್ಲಿ, ಮೇವು ಎಲ್ಲಿ, ಹೊಳೆ ದಾಟೋಕೆ ಸೇತುವೆ ಇದೆಯೋ ದೋಣಿಯೋ. ಇದು ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತಿರಬೇಕು. 1791ರಲ್ಲಿ ಟಿಪ್ಪು ಮೇಲೆ ದಂಡೆತ್ತಿ ಬಂದ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರ ಬಂದೂ ವಾಪಸ್ ಹೋದ. ಎತ್ತುಗಳು ಸತ್ತವು, ಅಕ್ಕಿ ಇಲ್ಲ, ಮಳೆ ಬೇರೆ. ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹೋಗಬೇಕಾಯಿತು. 1799ರಲ್ಲಿ ಅದೇ ಕಂಪನಿ ಸೈನ್ಯ ಟಿಪ್ಪು ಎಣಿಸಿರದ ಸೋಸಲೆಯ ಹತ್ತಿರ ಕಾವೇರಿ ದಾಟಿತು. ನಡುವಿನ ಎಂಟು ವರ್ಷದಲ್ಲಿ ಯಾರು ಯಾರು ಯಾವ ಯಾವ ಹೊಳೆಗೆ ಇಳಿದು ಆಳ ನೋಡಿದರೋ, ದೇವರಿಗೇ ಗೊತ್ತು.

ನೈನ್ ಸಿಂಗ್ ವಿಷಯಕ್ಕೆ ಬರುತ್ತೇನೆ. ಒಂದು ಮೈಲಿಗೆ 2000 ಹೆಜ್ಜೆ, ಒಂದೂ ಹೆಚ್ಚು ಕಮ್ಮಿ ಆಗದ ಹಾಗೆ ಕಾಲನ್ನು ಪಳಗಿಸಿದರು. ಏರಿರಲಿ ಇಳಿಜಾರಿರಲಿ ಅದೇ ಹೆಜ್ಜೆ. ಕೈಯಲ್ಲಿ ಜಪಮಾಲೆ. ಅದರಲ್ಲಿ 108 ಮಣಿ ಇರಬೇಕು ಅಲ್ವಾ? ಇವನದರಲ್ಲಿ 100. ನೂರು ಹೆಜ್ಜೆಗೆ ಒಂದು ಮಣಿ. ಪ್ರತಿ ಹತ್ತನೆಯದು ಮಾತ್ರ ದಪ್ಪ ಮಣಿ, ಬೆರಳಿಗೇ ಗೊತ್ತಾಗಲಿ ಅಂತ. ಇನ್ನೊಂದು ಕೈಯಲ್ಲಿ ಟಿಬೆಟ್ಟಿನವರು ತಿರುಗಿಸುವ ಪ್ರಾರ್ಥನಾ ಚಕ್ರ. ಒಳಗೆ ಮಂತ್ರದ ಬದಲು ಅಳತೆಯ ಚೀಟಿಗಳು. ಪೆಟ್ಟಿಗೆಯ ಕಳ್ಳ ತಳದಲ್ಲಿ ಕೋನ ಅಳೆಯುವ ಸೆಕ್ಸ್‌ಟಂಟ್. ಕವಡೆಯೊಳಗೆ ಪಾದರಸ. ರಾತ್ರಿ ಅದನ್ನು ಬಟ್ಟಲಿಗೆ ಸುರಿದು, ನಕ್ಷತ್ರದ ಪ್ರತಿಬಿಂಬ ನೋಡಿ ಕೋನ ಹಿಡಿಯೋದು. ನೀರು ಎಷ್ಟು ಬಿಸಿಗೆ ಕುದಿಯುತ್ತದೆ ಅಂತ ನೋಡಿ ಊರಿನ ಎತ್ತರ ಲೆಕ್ಕ ಹಾಕೋದು. ಲಾಸಾಕ್ಕೆ ಅವನು ಕೊಟ್ಟ ಎತ್ತರ 11,700 ಅಡಿ. ಇವತ್ತಿನ ಲೆಕ್ಕ 12,000ದ ಹತ್ತಿರ. ಎಲ್ಲ ಉಪಕರಣ ಇಟ್ಟುಕೊಂಡು ನಾನು ಮಾಡಿರುವ ತಪ್ಪುಗಳ ಮುಂದೆ ಇದೇನು ದೊಡ್ಡದು!

ಲಾಸಾ ತಲುಪಿದ್ದು 1866ರ ಜನವರಿ. ದುಡ್ಡು ಮುಗಿದಾಗ ಅಲ್ಲಿನ ನೇಪಾಳಿ ವ್ಯಾಪಾರಿಗಳಿಗೆ ಲೆಕ್ಕ ಬರೆಯೋದು ಹೇಳಿಕೊಟ್ಟು ಹೊಟ್ಟೆ ಹೊರೆದ. ಅಪ್ಪಣೆ ಇಲ್ಲದೆ ಊರಿಗೆ ಬಂದ ಒಬ್ಬ ಚೀನೀಯನ ತಲೆ ಬೀದಿಯಲ್ಲೇ ಹಾರಿಸಿದ್ದನ್ನು ಕಣ್ಣಾರೆ ಕಂಡ. ವಾಪಸ್ ಬರುವ ಹೊತ್ತಿಗೆ 1200 ಮೈಲಿ, 25 ಲಕ್ಷ ಹೆಜ್ಜೆ.

ಇವತ್ತು ಬೆಳಗ್ಗೆ ಹೆಂಡತಿಯ ತುಳಸಿ ಮಾಲೆ ತಗೊಂಡು ಕೆರೆ ಏರಿ ಮೇಲೆ ನಾನೂ ಎಣಿಸಿದೆ. 400 ದಾಟಿದ್ದೆ. ಎದುರಿಂದ ಪರಿಚಯದವರು “ಏನ್ ಸಾರ್, ವಾಕಿಂಗಾ?” ಅಂದರು. ಹೂಂ ಅಂದೆ. ಅಷ್ಟೇ, ಲೆಕ್ಕ ಹೋಯಿತು.

ಈಗ ನನ್ನ ಸಿಟ್ಟಿನ ಮೂಲಕ್ಕೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮುಂದೆ ಈ ಪ್ರಯಾಣದ ವರದಿ ಹೋಯಿತಲ್ಲ, ಅದು ಮಾಂಟ್‌ಗೊಮೆರಿ ಹೆಸರಲ್ಲಿ. ನಡೆದವನು ಬರೀ ‘ಪಂಡಿತ’. ಇದೇ ಕೆಲಸಕ್ಕೆ ಹೋದ ಇನ್ನೊಬ್ಬ, ಕಿಶನ್ ಸಿಂಗ್, ಬರೀ ‘ಎ.ಕೆ.’ ಆದ. ಈ ಕಿಶನ್ ಸಿಂಗ್, ಕಳ್ಳರ ಭಯಕ್ಕೆ ಕುದುರೆ ಹತ್ತಲೇಬೇಕಾಗಿ ಬಂದಾಗ, ಕುದುರೆಯ ಬಲಗಾಲಿನ ಹೆಜ್ಜೆ ಎಣಿಸಿದ ಮಹರಾಯ! ನಾಲ್ಕು ವರ್ಷ ಅಲೆದು ಮನೆಗೆ ಬಂದರೆ ಇದ್ದೊಬ್ಬ ಮಗ ತೀರಿಹೋಗಿದ್ದ.

“ಹೆಸರು ಹೊರಗೆ ಬಂದರೆ ಜೀವಕ್ಕೆ ಅಪಾಯ ಅಲ್ವಾ ಸಾರ್?” ಅಂತ ನಿನ್ನೆ ಪಕ್ಕದಲ್ಲಿದ್ದ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ. ಆದರೆ ಆ ಜಪಮಾಲೆ, ಆ ಚಕ್ರ, ಅದರೊಳಗಿನ ಚೀಟಿ, ಇವೆಲ್ಲದರ ವಿವರ 1868ರಲ್ಲೇ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದೇ ಸಾಮಾನು ಹಿಡಿದುಕೊಂಡು ಇವರ ಜನ ಇನ್ನೂ ಗಡಿ ದಾಟುತ್ತಲೇ ಇದ್ದರು! ಹೆಸರು ಮುಚ್ಚಿಟ್ಟರು, ಗುಟ್ಟು ಬಿಚ್ಚಿಟ್ಟರು. ಇದು ಯಾವ ಸೀಮೆಯ ಕಾಳಜಿ?

ಪದಕ ಕೊಟ್ಟರಲ್ಲ ಅನ್ನುವಿರಿ. ಕೊಟ್ಟರು. 1877ರಲ್ಲಿ ನೈನ್ ಸಿಂಗನಿಗೆ ಚಿನ್ನದ ಪದಕ, ಜೊತೆಗೆ ಪಿಂಚಣಿ. ಅಷ್ಟರಲ್ಲಿ ಅವನು ನಡೆಯೋದು ನಿಲ್ಲಿಸಿ ಆಗಿತ್ತು, ಕಣ್ಣು ಮಂಜಾಗಿತ್ತು. ಮಾಂಟ್‌ಗೊಮೆರಿಗೆ ಕಾಶ್ಮೀರದ ಸರ್ವೆಗೆ ಅದೇ ಸೊಸೈಟಿಯ ಪದಕ 1865ರಲ್ಲೇ ಬಂದಿತ್ತು.

ಹಾಗಂತ ನಮ್ಮ ಕಡೆ ನೋಡಿ. ಮೈಸೂರು ಸರ್ವೆ ಮಾಡಿಸಿದ ಕಾಲಿನ್ ಮೆಕೆಂಜಿಯದೊಂದು ವರ್ಣಚಿತ್ರ ಇದೆ. ಅವನ ಜೊತೆ ಮೂವರು ಭಾರತೀಯರು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ದುರ್ಬೀನು, ಹಿಂದೆ ದೂರದಲ್ಲಿ ಕಾರ್ಕಳದ ಗೊಮ್ಮಟ. ಆ ಮನುಷ್ಯ ಚಿತ್ರದಲ್ಲಾದರೂ ಜಾಗ ಬಿಟ್ಟ.

ನಾನು ಬಿಟ್ಟೆನಾ? ರಾತ್ರಿ ನಿದ್ದೆ ಕೆಡಿಸಿದ್ದು ಇದೇ. ನನ್ನ ಜೊತೆ ಹದಿನೆಂಟು ವರ್ಷ ಒಬ್ಬ ಬಾಂದು ಜವಾನ ಇದ್ದ. ಜಾಲಿ ಮುಳ್ಳು ಕಡಿಯೋನು ಅವನು, ಕೆಸರಿಗಿಳಿದು ಚೈನು ಎಳೆಯೋನು ಅವನು. ನಾನು ಬದುವಿನ ಮೇಲೆ ಕೊಡೆ ಹಿಡಿದು ಪುಸ್ತಕದಲ್ಲಿ ಬರೆಯೋನು. ಒಂದೊಂದು ಚೈನಿಗೆ ಒಂದೊಂದು ಹುಣಸೆ ಬೀಜ ಜೇಬಿಗೆ ಹಾಕುತ್ತಿದ್ದ. ಒಂದು ಹದ್ದುಬಸ್ತಿನ ದಿನ, ಅಂದರೆ ಜಮೀನಿನ ಗಡಿ ಗುರುತು ಮಾಡುವ ದಿನ, ಜೇಬು ತೆಗೆದು ಬೀಜ ಎಣಿಸಿ, “ಸಾರ್, ಒಂದು ಚೈನು ಕಮ್ಮಿ ಬರ್ಕೊಂಡಿದೀರ” ಅಂದ. ರೇಗಿದೆ. ಮತ್ತೆ ಎಳೆಸಿದೆ. ಅವನೇ ಸರಿ. ಆ ನಕ್ಷೆ ಖಚಿತವಾಗಿದೆ ಅಂತ ಮೇಲಿನವರು ಬೆನ್ನು ತಟ್ಟಿದ್ದು ನನ್ನದು. ‘ಅಳತೆ ಮಾಡಿದವರು’ ಅಂತ ಇರುವ ಕಡೆ ಸಹಿಯೂ ನನ್ನದೇ.

ಕಾರ್ಯಕ್ರಮ ಮುಗಿದ ಮೇಲೆ ಉಪನ್ಯಾಸಕರನ್ನು ಹಿಡಿದುಕೊಂಡೆ. ಕಿಂತುಪ್ ಬಗ್ಗೆ ಒಂದು ಮಾತೂ ಇಲ್ಲವಲ್ಲ ಅಂದೆ. ಸ್ಲೈಡ್‌ನಲ್ಲಿ ಜಾಗ ಸಾಲಲಿಲ್ಲ ಅಂದರು. ಜಾಗ! ಸಿಕ್ಕಿಮಿನವನು ಕಿಂತುಪ್, ಓದು ಬರಹ ಬಾರದವನು. ಟಿಬೆಟ್ಟಿನ ಸಾಂಗ್‌ಪೊ ನದಿಯೇ ಅಸ್ಸಾಮಿನ ಬ್ರಹ್ಮಪುತ್ರವೋ ಅಂತ ಪತ್ತೆ ಮಾಡಲು 1880ರಲ್ಲಿ ಒಬ್ಬ ಲಾಮಾ ಜೊತೆ ಕಳಿಸಿದರು. ಲಾಮಾ ಇವನನ್ನೇ ಜೀತಕ್ಕೆ ಮಾರಿಕೊಂಡು ಹೊರಟುಹೋದ. ತಪ್ಪಿಸಿಕೊಂಡು ಒಂದು ಮಠ ಸೇರಿದ. ಅಲ್ಲಿಂದ ಯಾತ್ರೆ ನೆಪ ಹೇಳಿ ರಜೆ ತಗೊಂಡು, 500 ಮರದ ತುಂಡು ಕಡಿದು ಗುರುತು ಹಾಕಿ ಬಚ್ಚಿಟ್ಟ. ಇಂಥ ದಿನ ಹೊಳೆಗೆ ಬಿಡುತ್ತೇನೆ, ಕೆಳಗೆ ನೋಡುತ್ತಿರಿ ಅಂತ ಕಾಗದ ಬರೆಸಿ ಕಳಿಸಿದ. ಹೇಳಿದ ದಿನದಿಂದ ದಿನಕ್ಕೆ 50ರಂತೆ ಹತ್ತು ದಿನ ತೇಲಿಬಿಟ್ಟ. ಕೆಳಗೆ ನೋಡುವವರೇ ಇರಲಿಲ್ಲ. ಕಳಿಸಿದ್ದ ಅಧಿಕಾರಿ ದೇಶ ಬಿಟ್ಟಾಗಿತ್ತು, ಕಾಗದ ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ. ನಾಲ್ಕು ವರ್ಷದ ಮೇಲೆ ಬಂದು ಹೇಳಿದರೆ ಅವನ ಮಾತನ್ನು ನಂಬಲೂ ಇಲ್ಲ. ಅವನು ಹೇಳಿದ್ದು ಬಹುಮಟ್ಟಿಗೆ ಸರಿ ಅಂತ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ನಡೆದು ನೋಡಿ ಹೇಳಿದ್ದು 1913ರಲ್ಲಿ. ಆಗ ಡಾರ್ಜಿಲಿಂಗ್‌ನಲ್ಲಿ ಬಟ್ಟೆ ಹೊಲಿದುಕೊಂಡಿದ್ದ. ಪಿಂಚಣಿ ಕೊಡಿ ಅಂತ ಒಬ್ಬ ಅಧಿಕಾರಿ ಕೇಳಿದರೆ, ಸರ್ಕಾರ ಒಂದು ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಂಡಿತು.

ಇಷ್ಟೆಲ್ಲ ಒಂದೇ ಉಸಿರಿಗೆ ಹೇಳಿದೆ. ಅವರು ಪಾಪ ಬ್ಯಾಗ್ ಹೆಗಲಿಗೆ ಹಾಕಿಕೊಂಡು ನಿಂತೇ ಕೇಳಿದರು. ಸಂಘದ ಕಾರ್ಯದರ್ಶಿ ಪಕ್ಕದಲ್ಲೇ ಇದ್ದರು. “ಹಾಗಾದ್ರೆ ಮುಂದಿನ ತಿಂಗಳು ನೀವೇ ಮಾತಾಡಿಬಿಡಿ ಸಾರ್” ಅಂದರು. ಒಪ್ಪಿಕೊಂಡೆ. ಸ್ಲೈಡ್ ಮಾಡೋದು ನನಗೆ ಬರೋಲ್ಲ, ಯಾರಾದರೂ ಹುಡುಗರು ಭಾನುವಾರ ಮನೆಗೆ ಬಂದರೆ ಉಪಕಾರ. ಆ ಬಾಂದು ಜವಾನನ ಊರಿಗೂ ಒಂದು ಸಲ ಹೋಗಿ ಬರಬೇಕು. ಅವನ ಫೋಟೊ ನನ್ನ ಹತ್ತಿರ ಒಂದೂ ಇಲ್ಲ.